ಕ್ಷಮಾದಾನಕ್ಕೆ ಕಾರಣ ಬರೆದ ರಾಜ್ಯಪಾಲ

ಶಿಕಾಗೋ ನಗರವೆಂದೊಡನೆ ನಮ್ಮ ನಾಡಿನ ವಿದ್ಯಾವಂತರ ಮನಸ್ಸಿಗೆ ಮೊದಲು ಬರುವುದು 1893ರ ಸೆಪ್ಟೆಂಬರ್ 11ರಂದು ಅಲ್ಲಿ ಆರಂಭವಾದ ಸರ್ವಧರ್ಮ ಸಮ್ಮೇಳನ ಮತ್ತು ಅದರಲ್ಲಿ ಸ್ವಾಮಿ ವಿವೇಕಾನಂದರು ಮಾಡಿದ ಭಾಷಣ. ಆ ದಿನಕ್ಕೆ ಸರಿಯಾಗಿ ಹನ್ನೊಂದು ವಾರಗಳ ಮುಂಚೆ, ಅದೇ ನಗರವನ್ನು ಒಳಗೊಂಡ ಇಲಿನಾಯ್ ಸಂಸ್ಥಾನದ ರಾಜ್ಯಪಾಲನು ಒಂದು ಕಾಗದಕ್ಕೆ ರುಜು ಹಾಕಿದನು. ಸಮ್ಮೇಳನದ ವಾರ್ತೆ ನಮ್ಮಲ್ಲಿ ಮನೆಮಾತಾಯಿತು. ಈ ರುಜುವಿನ ವಾರ್ತೆ ನಮ್ಮವರೆಗೆ ಅಷ್ಟಾಗಿ ಬರಲಿಲ್ಲ. ಆ ರುಜುವಿನಿಂದ ಮೂವರು ಸೆರೆಮನೆಯಿಂದ ಹೊರಬಂದರು. ರುಜು ಹಾಕಿದವನ ರಾಜಕೀಯದ ಏಳಿಗೆ ಅಲ್ಲಿಗೇ ನಿಂತಿತು. ಅವನ ಹೆಸರು ಜಾನ್ ಪೀಟರ್ ಆಲ್ಟ್‌ಗೆಲ್ಡ್. ಅವನ ಜೀವನವನ್ನೂ, ವಿಶೇಷವಾಗಿ ಆ ಒಂದು ಕಾಗದವನ್ನೂ ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಪದವಿಚಾರ. ‘ರಾಜ್ಯಪಾಲ’ ಎಂಬ ಶಬ್ದವು ಇಲ್ಲಿ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸಬಹುದು. ನಮ್ಮ ಸಂವಿಧಾನದ 155ನೆಯ ವಿಧಿಯಂತೆ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಅಮೇರಿಕಾದಲ್ಲಾದರೋ ಆ ಸ್ಥಾನಕ್ಕೆ ಜನರೇ ನೇರವಾಗಿ ಮತ ಕೊಟ್ಟು ಆರಿಸುತ್ತಾರೆ. ನಮ್ಮಲ್ಲಿ ಮುಖ್ಯಮಂತ್ರಿಗೆ ಸೇರಿದ ಕೆಲಸವೂ ರಾಜ್ಯಪಾಲರಿಗೆ ಸೇರಿದ ಕೆಲಸವೂ ಅಲ್ಲಿ ಬಹುಮಟ್ಟಿಗೆ ಒಬ್ಬನ ಹೆಗಲಿಗೇ ಬೀಳುತ್ತವೆ. ಅಪರಾಧಿಗೆ ಕ್ಷಮೆ ನೀಡುವ ಅಧಿಕಾರವು ನಮ್ಮ 161ನೆಯ ವಿಧಿಯಲ್ಲಿಯೂ ಉಂಟು. ಆದರೆ ನಮ್ಮ ರಾಜ್ಯಪಾಲರು ಅದನ್ನು ಮಂತ್ರಿಮಂಡಲದ ಸಲಹೆಯಂತೆ ಚಲಾಯಿಸುತ್ತಾರೆ. ಆಲ್ಟ್‌ಗೆಲ್ಡನಿಗೆ ಅಂಥ ಆಸರೆ ಇರಲಿಲ್ಲ. ಕೊಟ್ಟರೂ ಅವನೇ, ಕೊಡದಿದ್ದರೂ ಅವನೇ; ಕೀರ್ತಿ ಅಪಕೀರ್ತಿಗಳೆರಡೂ ಅವನವೇ. ಮುಂದಿನ ಕಥೆ ತಿಳಿಯಬೇಕಾದರೆ ಇಷ್ಟನ್ನು ನೆನಪಿನಲ್ಲಿಡಬೇಕು.

ಆಲ್ಟ್‌ಗೆಲ್ಡನು ಹುಟ್ಟಿದುದು ಜರ್ಮನಿಯ ನಸ್ಸೌ ಪ್ರಾಂತದ ಸೆಲ್ಟರ್ಸ್ ಎಂಬ ಊರಿನಲ್ಲಿ, 1847ರ ಡಿಸೆಂಬರ್ 30ರಂದು. ಹಸುಗೂಸಾಗಿದ್ದಾಗಲೇ ತಂದೆ ತಾಯಿಗಳು ಅವನನ್ನು ಎತ್ತಿಕೊಂಡು ಹಡಗೇರಿ ಅಮೇರಿಕಾದ ಒಹಾಯೋ ಪ್ರಾಂತಕ್ಕೆ ಬಂದರು. ತಂದೆ ಗಾಡಿ ಮಾಡುವ ಕಸುಬಿನವನು, ಬೇಸಾಯವನ್ನೂ ಮಾಡುತ್ತಿದ್ದನು. ಅಕ್ಷರ ಬಾರದವನು, ಸ್ವಭಾವದಿಂದ ಕಟುವಾದವನು. ಮಗನಿಗೆ ಓದು ಏತಕ್ಕೆಂಬುದೇ ಅವನ ನಿಲುವು. ಹದಿನಾರು ವರ್ಷದ ಹುಡುಗನು 1864ರಲ್ಲಿ ಒಕ್ಕೂಟದ ಸೈನ್ಯಕ್ಕೆ ಸೇರಿದನು. ಸೇರಿದ್ದಕ್ಕೆ ದೊರೆತ ನೂರು ಡಾಲರುಗಳಲ್ಲಿ ತೊಂಬತ್ತನ್ನು ತಂದೆಯ ಕೈಗಿಟ್ಟು ಹತ್ತನ್ನು ತಾನಿಟ್ಟುಕೊಂಡನು. ವರ್ಜೀನಿಯಾದ ಜೌಗು ನೆಲದಲ್ಲಿ ಅಂಟಿದ ಜ್ವರವು ಮಾತ್ರ ಪೂರ್ತಿ ಅವನ ಪಾಲಿಗೇ ಬಂದಿತು. ಅದು ಜೀವಮಾನವೆಲ್ಲ ಅವನನ್ನು ಬಿಡಲಿಲ್ಲ.

ದಂಡಿನಿಂದ ಹಿಂತಿರುಗಿದವನು ತಂದೆಯ ಇಷ್ಟಕ್ಕೆ ವಿರುದ್ಧವಾಗಿ ಮತ್ತೆ ಶಾಲೆ ಸೇರಿದನು. ಸ್ವಲ್ಪ ಕಾಲದಲ್ಲಿಯೇ ತಾನೂ ಉಪಾಧ್ಯಾಯನಾದನು. 1869ರಲ್ಲಿ ಬಹುಪಾಲು ಕಾಲುನಡಿಗೆಯಲ್ಲಿಯೇ ಪಶ್ಚಿಮಕ್ಕೆ ಹೊರಟನು. ಅರ್ಕನ್ಸಾದಲ್ಲಿ ರೈಲು ಹಾದಿಯ ಕೂಲಿ, ಅಲ್ಲಿ ಜ್ವರ ಮರುಕಳಿಸಿ ಸಾವಿನ ಬಾಗಿಲು ಕಂಡು, ಕೊನೆಗೆ ಮಿಸ್ಸೂರಿ ಪ್ರಾಂತದ ಸವಾನಾ ಎಂಬ ಸಣ್ಣ ಊರನ್ನು ಮುಟ್ಟಿದನು. ಅಲ್ಲಿ ಹೊಲದ ಕೆಲಸ, ಮತ್ತೆ ಶಾಲೆಯ ಉಪಾಧ್ಯಾಯಿಕೆ, ಬಿಡುವಿನಲ್ಲಿ ಕಾನೂನಿನ ಅಧ್ಯಯನ. 1871ರಲ್ಲಿ ವಕೀಲನಾದನು, 1874ರಲ್ಲಿ ಆ ಜಿಲ್ಲೆಯ ಸರ್ಕಾರಿ ವಕೀಲನಾಗಿ ಚುನಾಯಿತನಾದನು, ಮರುವರ್ಷವೇ ಅದನ್ನು ಬಿಟ್ಟು, ಗುರುತಿನವರಿಲ್ಲದ ಶಿಕಾಗೋ ನಗರಕ್ಕೆ ಬಂದಿಳಿದನು.

ಶಿಕಾಗೋ ಅವನನ್ನು ಧನಿಕನನ್ನಾಗಿ ಮಾಡಿತು. ಬೆಳೆಯುವ ಪಟ್ಟಣದಲ್ಲಿ ನೆಲ ಕೊಂಡು ಕಟ್ಟಡ ಕಟ್ಟಿದವರ ಕೈಗೆ ಹಣ ಬರುವುದು ಆಶ್ಚರ್ಯವಲ್ಲ. ಮಕ್ಕಳಿಲ್ಲದ ಅವನು ತಾನು ಕಟ್ಟಿಸಿದ ಹದಿನಾರು ಅಂತಸ್ತಿನ ಯೂನಿಟಿ ಕಟ್ಟಡವನ್ನು ಮಗುವಿನಂತೆ ಪ್ರೀತಿಸುತ್ತಿದ್ದನೆಂದು ಹೇಳುತ್ತಾರೆ. ಆದರೆ ಹಣ ಗಳಿಸುತ್ತಿದ್ದ ಆ ದಿನಗಳಲ್ಲಿಯೇ, 1884ರಲ್ಲಿ, ಅವನೊಂದು ಚಿಕ್ಕ ಗ್ರಂಥವನ್ನು ಬರೆದನು. ದಂಡನೆಯ ಯಂತ್ರವು ಯಾರನ್ನು ನುಂಗುತ್ತದೆಂಬುದೇ ಅದರ ವಿಷಯ. ಬಡವನು ಸೆರೆಮನೆಗೆ ಹೋಗುವುದು ಬಹುಮಟ್ಟಿಗೆ ಬಡತನದಿಂದಲೇ, ಸೆರೆಮನೆಯು ಅವನನ್ನು ತಿದ್ದುವುದಕ್ಕೆ ಬದಲಾಗಿ ಇನ್ನಷ್ಟು ಕೆಡಿಸುತ್ತದೆ ಎಂದು ಅದರಲ್ಲಿ ವಾದಿಸಿದನು. ಒಹಾಯೋದ ಒಂದು ಸಣ್ಣ ಊರಿನಲ್ಲಿ ಅದನ್ನೋದಿದ ಕ್ಲಾರೆನ್ಸ್ ಡ್ಯಾರೋ ಎಂಬ ಯುವ ವಕೀಲನು ಶಿಕಾಗೋಕ್ಕೆ ಬಂದಮೇಲೆ ಗ್ರಂಥಕರ್ತನನ್ನು ಹುಡುಕಿ ಕಂಡು ಅವನ ಮಿತ್ರನಾದನು. ಮುಂದೆ ಆ ದೇಶದ ಅತಿ ಪ್ರಸಿದ್ಧ ನ್ಯಾಯವಾದಿಗಳಲ್ಲಿ ಒಬ್ಬನೆನಿಸಿದವನು ಈ ಡ್ಯಾರೋವೇ. 1886ರಲ್ಲಿ ಆಲ್ಟ್‌ಗೆಲ್ಡನು ಕುಕ್ ಜಿಲ್ಲೆಯ ಮೇಲ್ದರ್ಜೆಯ ನ್ಯಾಯಾಲಯಕ್ಕೆ ನ್ಯಾಯಾಧೀಶನಾಗಿ ಆರಿಸಲ್ಪಟ್ಟನು.

ಅದೇ 1886ನೆಯ ಇಸವಿ ನಮ್ಮ ವಿಷಯದ ಮೂಲ. ದಿನಕ್ಕೆ ಎಂಟು ಗಂಟೆಯ ದುಡಿಮೆಯೇ ಸಾಕೆಂದು ಕೋರಿ ಆ ವರ್ಷದ ಮೇ 1ರಂದು ಅಮೇರಿಕಾದ ನಾನಾ ನಗರಗಳಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಲೋಕದ ಅನೇಕ ಕಡೆ ಆ ದಿನವು ಕಾರ್ಮಿಕರ ದಿನವಾದುದು ಇದರಿಂದಲೇ. ಭಾರತದಲ್ಲಿ ಅದು ಮೊದಲು ಆಚರಿತವಾದುದು 1923ರಲ್ಲಿ, ಮದರಾಸಿನಲ್ಲಿ. ನಮ್ಮ ಶಾಲೆಗಳಲ್ಲಿ ಅದು ಬೇಸಗೆಯ ರಜೆಯೊಳಗೇ ಸೇರಿಹೋಗುವುದರಿಂದ ಹುಡುಗರು ಅದರ ಮೂಲವನ್ನು ಕೇಳುವುದೇ ಇಲ್ಲ, ನಾವು ಹೇಳುವುದೂ ಇಲ್ಲ.

ಮೇ 3ರಂದು ಶಿಕಾಗೋದ ಮೆಕಾರ್ಮಿಕ್ ಕಾರ್ಖಾನೆಯ ಬಳಿ ಪೋಲೀಸರು ಗುಂಡು ಹಾರಿಸಿದರು; ಕಾರ್ಮಿಕರು ಸತ್ತರು. ಅದನ್ನು ಪ್ರತಿಭಟಿಸಲು ಮರುದಿನ ರಾತ್ರಿ ಹೇಮಾರ್ಕೆಟ್ ಎಂಬ ಸ್ಥಳದಲ್ಲಿ ಸಭೆ ಸೇರಿತು. ನಗರದ ಮೇಯರ್ ಕಾರ್ಟರ್ ಹ್ಯಾರಿಸನ್ನನು ತಾನೇ ಬಂದು ನಿಂತು ಕೇಳಿ, ಸಭೆ ಶಾಂತವಾಗಿದೆಯೆಂದು ಪೋಲೀಸ್ ಠಾಣೆಗೆ ತಿಳಿಸಿ ಮನೆಗೆ ಹೋದನು. ಮಳೆಯ ಸೂಚನೆ ಕಂಡು ಜನರೂ ಕರಗಿದರು. ಕೊನೆಯ ಭಾಷಣಕಾರನಾದ ಸ್ಯಾಮ್ಯುಯಲ್ ಫೀಲ್ಡನ್ನನು ಮಾತು ಮುಗಿಸುವ ಹೊತ್ತಿಗೆ ಪೋಲೀಸರ ದೊಡ್ಡ ದಂಡೊಂದು ಬಂದು ಸಭೆ ಚದರಬೇಕೆಂದು ಆಜ್ಞಾಪಿಸಿತು. ಆಗ ಕತ್ತಲೆಯೊಳಗಿಂದ ಒಂದು ಬಾಂಬು ಬಿದ್ದಿತು. ಬಾಂಬಿನಿಂದಲೂ, ಆಮೇಲೆ ನಡೆದ ಗೊಂದಲದ ಗುಂಡಿನಿಂದಲೂ ಏಳು ಮಂದಿ ಪೋಲೀಸರು ಮಡಿದರು. ಸಭಿಕರಲ್ಲಿಯೂ ಹಲವರು ಸತ್ತರು. ಬಾಂಬು ಎಸೆದವನು ಯಾರೆಂಬುದು ಅಂದು ತಿಳಿಯಲಿಲ್ಲ. ಇಂದಿಗೂ ಖಚಿತವಾಗಿ ತಿಳಿದಿಲ್ಲ.

ಎಸೆದವನು ಸಿಕ್ಕದಿದ್ದರೂ ಎಂಟು ಮಂದಿ ಅರಾಜಕತಾವಾದಿಗಳ ಮೇಲೆ ಕೊಲೆಯ ಆರೋಪ ಬಂದಿತು. ಅವರ ಭಾಷಣಗಳೂ ಬರಹಗಳೂ ಯಾವನೋ ಅಜ್ಞಾತನನ್ನು ಆ ಕೃತ್ಯಕ್ಕೆ ಪ್ರೇರಿಸಿದವೆಂಬುದು ವಾದ. ಅವರಲ್ಲಿ ಹಲವರು ಕಟುವಾಗಿ ಬರೆದವರು, ಹಿಂಸೆಯನ್ನು ಬೋಧಿಸಿದವರೂ ಇದ್ದರು, ಇದನ್ನು ಮರೆಮಾಚಬೇಕಾಗಿಲ್ಲ. ನ್ಯಾಯಾಧೀಶ ಜೋಸೆಫ್ ಗ್ಯಾರಿಯ ಮುಂದೆ ವಿಚಾರಣೆ ನಡೆದು, ಏಳು ಮಂದಿಗೆ ಮರಣದಂಡನೆಯೂ ಆಸ್ಕರ್ ನೀಬೆ ಎಂಬವನಿಗೆ ಹದಿನೈದು ವರ್ಷದ ಸೆರೆಯೂ ವಿಧಿಸಲ್ಪಟ್ಟವು. 1887ರ ನವೆಂಬರ್ 11ರಂದು ಸ್ಪೀಸ್, ಪಾರ್ಸನ್ಸ್, ಫಿಷರ್, ಎಂಗೆಲ್ ಎಂಬ ನಾಲ್ವರನ್ನು ನೇಣಿಗೇರಿಸಿದರು. ಲಿಂಗ್ ಎಂಬವನು ಅದರ ಹಿಂದಿನ ದಿನವೇ ಸೆರೆಯಲ್ಲಿ ಪ್ರಾಣ ಕಳೆದುಕೊಂಡಿದ್ದನು. ಕರುಣೆಯನ್ನು ಬೇಡಿಕೊಂಡ ಫೀಲ್ಡನ್ ಮತ್ತು ಮೈಕೇಲ್ ಶ್ವಾಬ್ ಇಬ್ಬರ ಮರಣದಂಡನೆಯನ್ನು ಆಗಿನ ರಾಜ್ಯಪಾಲ ಓಗಲ್ಸ್‌ಬಿಯು ಜೀವಾವಧಿ ಸೆರೆಯಾಗಿ ಮಾರ್ಪಡಿಸಿದನು. ಹೀಗೆ ಸೆರೆಯಲ್ಲಿ ಉಳಿದವರು ಮೂವರು.

1892ರ ನವೆಂಬರಿನ ಚುನಾವಣೆಯಲ್ಲಿ ಆಲ್ಟ್‌ಗೆಲ್ಡನು ಡೆಮಾಕ್ರಟಿಕ್ ಪಕ್ಷದಿಂದ ನಿಂತು, ಸುಮಾರು 23 ಸಾವಿರ ಮತಗಳಿಂದ ಗೆದ್ದನು. ಅಂತರ್ಯುದ್ಧದ ತರುವಾಯ ಆ ಪಕ್ಷದಿಂದ ಇಲಿನಾಯ್‌ನಲ್ಲಿ ಗೆದ್ದ ಮೊದಲ ರಾಜ್ಯಪಾಲನೂ ಅವನೇ, ಹೊರದೇಶದಲ್ಲಿ ಹುಟ್ಟಿ ಆ ಪದವಿಗೇರಿದವರಲ್ಲಿ ಮೊದಲಿಗನೂ ಅವನೇ. 1893ರ ಜನವರಿಯಲ್ಲಿ ಅಧಿಕಾರ ಸ್ವೀಕರಿಸುವ ದಿನ ಹಳೆಯ ಜ್ವರದಿಂದ ಎಷ್ಟು ಬಳಲಿದ್ದನೆಂದರೆ ಭಾಷಣದ ಬಹುಭಾಗವನ್ನು ಬೇರೆಯವರು ಓದಬೇಕಾಯಿತು.

ಮೂವರನ್ನು ಬಿಡಬೇಕೆಂಬ ಬಿನ್ನಹಗಳು ಆಗಲೇ ರಾಶಿಬಿದ್ದಿದ್ದವು. ಬಿನ್ನಹ ಮಾಡಿಕೊಂಡವರು ಕಾರ್ಮಿಕರು ಮಾತ್ರವೆಂದು ತಿಳಿಯಬಾರದು. ವರ್ತಕರೂ ವಕೀಲರೂ ಹಿರಿಯ ರಾಜಕಾರಣಿಗಳೂ ಅವರಲ್ಲಿದ್ದರು. ಅವರೆಲ್ಲರ ಮಾತು ಒಂದೇ: ಏಳು ವರ್ಷ ಸೆರೆಯಲ್ಲಿ ಕೊಳೆತದ್ದು ಸಾಕು, ದಯೆ ತೋರಿ ಬಿಟ್ಟುಬಿಡಿ. ಆಲ್ಟ್‌ಗೆಲ್ಡನು ಹಾಗೆ ಮಾಡಿದ್ದರೆ ಒಂದೆರಡು ವಾರ ಪತ್ರಿಕೆಗಳಲ್ಲಿ ಗೊಣಗಾಟವಿದ್ದು ಆಮೇಲೆ ತಣ್ಣಗಾಗುತ್ತಿತ್ತು. ನಾಲ್ಕು ಸಾಲು ಬರೆದರೆ ಮುಗಿಯುತ್ತಿತ್ತು. ಅವನು ಬರೆದುದು ಸುಮಾರು ಹದಿನೆಂಟು ಸಾವಿರ ಶಬ್ದಗಳ ನಿರೂಪ.

ನಮ್ಮ ಕೋಶಕಾರರು ‘ಕ್ಷಮಾ’ ಎಂಬುದಕ್ಕೆ ಭೂಮಿಯೆಂಬ ಅರ್ಥವನ್ನೂ ಹೇಳುತ್ತಾರೆ. ಎಲ್ಲವನ್ನೂ ತಾಳಿಕೊಳ್ಳುವವಳೆಂಬ ಭಾವ. ಆ ಶಬ್ದದಲ್ಲಿ ತಾಳುವವನು ಮೇಲಿರುತ್ತಾನೆ, ತಪ್ಪುಮಾಡಿದವನು ಕೆಳಗಿರುತ್ತಾನೆ. ಯಾರನ್ನಾದರೂ ಕ್ಷಮಿಸಿದೆನೆಂದರೆ ಅವನು ತಪ್ಪು ಮಾಡಿದನೆಂದು ಮೊದಲು ಒಪ್ಪಿದಂತಾಯಿತು. ಆಲ್ಟ್‌ಗೆಲ್ಡನು ಸಿಕ್ಕಿಕೊಂಡುದು ಈ ಸೂಕ್ಷ್ಮದಲ್ಲಿಯೇ. ಅವರಿಗೆ ನ್ಯಾಯವಾದ ವಿಚಾರಣೆ ನಡೆದು ಅಪರಾಧ ಸಿದ್ಧವಾಗಿದ್ದರೆ ಸಾಕಷ್ಟು ಶಿಕ್ಷೆಯಾಯಿತೆಂಬ ಕಾರಣಕ್ಕೆ ತಾನು ಕೈಹಾಕತಕ್ಕದ್ದಲ್ಲ, ಅಂಥ ಅಪರಾಧಕ್ಕೆ ಯಾವ ಶಿಕ್ಷೆಯೂ ಹೆಚ್ಚಲ್ಲ ಎಂದು ಅವನು ನಿರೂಪದ ಆರಂಭದಲ್ಲಿಯೇ ಹೇಳಿಬಿಟ್ಟನು. ಎಂದರೆ ದಯೆಯ ಬಾಗಿಲನ್ನು ತಾನೇ ಮುಚ್ಚಿದನು. ಉಳಿದುದು ಒಂದೇ ಪ್ರಶ್ನೆ: ವಿಚಾರಣೆ ನ್ಯಾಯವಾಗಿತ್ತೇ?

ಇದಕ್ಕಾಗಿ ಅವನು ನ್ಯಾಯಾಲಯದ ದಾಖಲೆಗಳನ್ನು ತಿಂಗಳುಗಟ್ಟಲೆ ಓದಿದನು. ಡ್ಯಾರೋ ಮೊದಲಾದ ಮಿತ್ರರು ಬೇಸರಗೊಂಡು, ಇಷ್ಟು ತಡವೇಕೆಂದು ಕೇಳಿದರೂ ಅವಸರಪಡಲಿಲ್ಲ. ಕೊನೆಗೆ ಅವನು ಬರೆದುದರ ತಾತ್ಪರ್ಯ ಹೀಗಿದೆ. ಜ್ಯೂರಿಗೆ ಜನರನ್ನು ಕರೆತರುವ ಕೆಲಸವನ್ನು ವಿಶೇಷ ಅಧಿಕಾರಿಯೊಬ್ಬನಿಗೆ ಒಪ್ಪಿಸಿ, ಶಿಕ್ಷೆ ಕೊಡುವವರನ್ನೇ ಆರಿಸಿ ತರಲಾಯಿತು. ಜ್ಯೂರಿಯಲ್ಲಿ ಕುಳಿತವರಲ್ಲಿ ಅನೇಕರು ತಮಗೆ ಮೊದಲೇ ಅಭಿಪ್ರಾಯ ಉಂಟಾಗಿದೆಯೆಂದು ತಮ್ಮ ಬಾಯಿಂದಲೇ ಒಪ್ಪಿದ್ದರು. ಬಾಂಬು ಎಸೆದವನೇ ಗೊತ್ತಿಲ್ಲದಿರುವಾಗ ಅವನು ಈ ಆಪಾದಿತರ ಮಾತು ಕೇಳಿ ಎಸೆದನೆಂದು ಸಿದ್ಧಪಡಿಸುವುದು ಶಕ್ಯವಲ್ಲ. ನೀಬೆಯ ಮೇಲಂತೂ ಸಾಕ್ಷ್ಯವೇ ಇರಲಿಲ್ಲ. ಸರ್ಕಾರದ ವಕೀಲನೇ ಹಿಂದೊಮ್ಮೆ ಹಾಗೆ ಒಪ್ಪಿದ್ದನು. ನ್ಯಾಯಾಧೀಶನು ಪಕ್ಷಪಾತದಿಂದ ನಡೆದುಕೊಂಡನು. ಇಷ್ಟಕ್ಕೇ ನಿಲ್ಲದೆ, ಮುಷ್ಕರ ಹೂಡಿದ ಬಡವರನ್ನು ಪೋಲೀಸರು ಹಿಂದೆ ಬಡಿದುದೂ ಕೊಂದುದೂ ಉಂಟು, ಅದಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ, ಅಂಥ ಅನ್ಯಾಯದಿಂದ ಕನಲಿದ ಯಾವನೋ ಸ್ವಂತ ಸೇಡಿನಿಂದ ಬಾಂಬು ಎಸೆದಿರುವುದೇ ಸಂಭವವೆಂದೂ ಬರೆದನು.

1893ರ ಜೂನ್ 26ರಂದು ಕ್ಷಮಾಪತ್ರ ಸಿದ್ಧವಾಯಿತು. ನೇಣಿಗೇರಿದವರ ಸಮಾಧಿಯ ಬಳಿ ಸ್ಮಾರಕವನ್ನು ಅನಾವರಣ ಮಾಡಿ ಅಂದಿಗೆ ಒಂದೇ ದಿನವಾಗಿತ್ತು. ಪತ್ರವನ್ನು ಒಯ್ದವನು ಡ್ರೈಯರ್ ಎಂಬ ಬ್ಯಾಂಕಿನವನು. ಏಳು ವರ್ಷಗಳ ಹಿಂದೆ ಈ ಎಂಟು ಮಂದಿಯ ಮೇಲೆ ಆರೋಪ ಹೊರಿಸಿದ ಗ್ರ್ಯಾಂಡ್ ಜ್ಯೂರಿಯಲ್ಲಿ ಕುಳಿತಿದ್ದವನೂ ಅವನೇ. ಅಂದಿನಿಂದ ಮನಸ್ಸು ಕೊರೆದು ಕ್ಷಮೆಗಾಗಿ ಓಡಾಡುತ್ತಿದ್ದವನು ಆ ಕಾಗದವನ್ನು ಕೈಗೆ ತೆಗೆದುಕೊಂಡಾಗ ಕಣ್ಣೀರಿಟ್ಟನೆಂದು, ಕಾಗದವನ್ನು ಸಿದ್ಧಪಡಿಸಿದ ಯುವ ಗುಮಾಸ್ತ ಬ್ರಾಂಡ್ ವಿಟ್‌ಲಾಕನು ಮುಂದೆ ನೆನಪು ಮಾಡಿಕೊಂಡಿದ್ದಾನೆ. ಡ್ರೈಯರನು ಜೋಲಿಯೆಟ್ ಊರಿನ ಸೆರೆಮನೆಗೆ ರೈಲಿನಲ್ಲಿ ಹೋಗಿ ಮೂವರನ್ನೂ ಬಿಡಿಸಿಕೊಂಡು ಬಂದನು.

ಮರುದಿನದಿಂದ ಆರಂಭವಾದ ನಿಂದೆಯನ್ನು ವಿವರಿಸುವುದು ಕಷ್ಟ. ದೇಶದ ಪತ್ರಿಕೆಗಳು ಹೆಚ್ಚುಕಡಿಮೆ ಒಂದೇ ಕಂಠದಿಂದ ಕೂಗಿದವು. ಅವನೂ ಅರಾಜಕತಾವಾದಿಯೇ ಎಂದರು. ಪರದೇಶದಲ್ಲಿ ಹುಟ್ಟಿದವನಿಗೆ ಈ ನೆಲದ ಅಭಿಮಾನವೆಲ್ಲಿಯದೆಂದರು. ಅವನ ಪ್ರತಿಕೃತಿಯನ್ನು ಸುಟ್ಟರು. ಮೂವರನ್ನು ಬಿಟ್ಟುದಕ್ಕಿಂತ ಬಿಟ್ಟುದಕ್ಕೆ ಕಾರಣ ಬರೆದುದೇ ಜನರನ್ನು ಹೆಚ್ಚು ಕೆರಳಿಸಿತೆಂಬುದು ಗಮನಾರ್ಹ. ದಯೆ ಬೇಡಿದ್ದ ಪ್ರತಿಷ್ಠಿತರಲ್ಲಿ ಹಲವರೇ ಈಗ ದೂರ ಸರಿದರು. ಬಿಟ್ಟುಬಿಡಿ ಎಂದವರಿಗೆ, ಹಿಡಿದುದೇ ತಪ್ಪೆಂದು ಕೇಳುವ ಸಿದ್ಧತೆ ಇರಲಿಲ್ಲ.

ಇಲ್ಲಿ ವಿಮರ್ಶೆಯ ಮಾತೊಂದನ್ನು ಹೇಳಬೇಕು. ಆಲ್ಟ್‌ಗೆಲ್ಡನ ನಿರೂಪದಲ್ಲಿ ಗ್ಯಾರಿಯ ಮೇಲಿನ ಭಾಗವು ವಿಚಾರಣೆಯ ದೋಷವನ್ನು ತೋರಿಸುವುದರ ಜೊತೆಗೆ ವ್ಯಕ್ತಿಯನ್ನೂ ಚುಚ್ಚುತ್ತದೆ. ಇಬ್ಬರ ನಡುವೆ ಹಳೆಯ ವೈಮನಸ್ಯವಿತ್ತೆಂದು ವಿರೋಧಿಗಳು ಎತ್ತಿ ಆಡಲು ಅದು ಅವಕಾಶ ಕೊಟ್ಟಿತು. ಅಷ್ಟು ಕಹಿಯಿಲ್ಲದೆ ಬರೆದಿದ್ದರೆ ವಾದದ ಬಲ ಕುಂದುತ್ತಿರಲಿಲ್ಲ, ಹೆಚ್ಚುತ್ತಿತ್ತು. ವಿಚಾರಣೆಯ ಬಗ್ಗೆ ವಿದ್ವಾಂಸರಲ್ಲಿಯೂ ಪೂರ್ತಿ ಏಕಾಭಿಪ್ರಾಯವಿಲ್ಲ. ಬಹುಮಂದಿ ಇತಿಹಾಸಕಾರರು ಅದನ್ನು ಅನ್ಯಾಯವೆಂದೇ ಎಣಿಸಿದರೂ, ಆ ಕಾಲದ ಪದ್ಧತಿಯನ್ನು ನೋಡಿದರೆ ಅದು ಕ್ರಮಬದ್ಧವೇ ಆಗಿತ್ತೆಂದು ಟಿಮೊಥಿ ಮೆಸ್ಸರ್-ಕ್ರೂಸ್ ಎಂಬವರು 2011ರ ಗ್ರಂಥದಲ್ಲಿ ವಾದಿಸಿದ್ದಾರೆ. ಪದ್ಧತಿಯೇ ಹಾಗಿತ್ತೆಂಬುದು ಪದ್ಧತಿಗೆ ಸಮರ್ಥನೆಯಾಗದೆಂದು ಈ ಲೇಖಕನಿಗೆ ತೋರುತ್ತದೆ. ಇರಲಿ.

ಈ ಒಂದು ಕಾಗದದ ಗದ್ದಲದಲ್ಲಿ ಅವನ ಇತರ ಕೆಲಸಗಳು ಮರೆಯಾದುವು. 1893ರಲ್ಲಿಯೇ ಕಾರ್ಖಾನೆಗಳ ಕಾಯಿದೆಯೊಂದು ಬಂದು, ಹದಿನಾಲ್ಕು ತುಂಬದ ಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸಕೂಡದೆಂದೂ ಹೆಂಗಸರ ದುಡಿಮೆ ದಿನಕ್ಕೆ ಎಂಟು ಗಂಟೆ ಮೀರಕೂಡದೆಂದೂ ವಿಧಿಸಿತು. ಅದನ್ನು ಜಾರಿಗೊಳಿಸುವ ಮುಖ್ಯ ತನಿಖಾಧಿಕಾರಿಯ ಸ್ಥಾನಕ್ಕೆ ಫ್ಲಾರೆನ್ಸ್ ಕೆಲ್ಲಿ ಎಂಬ ವಿದುಷಿಯನ್ನು ಆಲ್ಟ್‌ಗೆಲ್ಡನು ನೇಮಿಸಿದನು. ಹೆಂಗಸೊಬ್ಬಳು ಕಾರ್ಖಾನೆಯ ಮಾಲೀಕರ ಬಾಗಿಲು ತಟ್ಟಿ ಲೆಕ್ಕ ಕೇಳುವುದು ಅಂದಿಗೆ ಹೊಸ ಸಂಗತಿ. ಎಂಟು ಗಂಟೆಯ ನಿಯಮವನ್ನು ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು 1895ರಲ್ಲಿ ತಳ್ಳಿಹಾಕಿತು. ವಿದ್ಯೆಗೂ ಅವನು ಧಾರಾಳವಾಗಿ ಹಣ ಕೊಡಿಸಿದನು. ಡಿಕಾಲ್ಬ್ ಮತ್ತು ಚಾರ್ಲ್ಸ್‌ಟನ್ ಊರುಗಳ ಉಪಾಧ್ಯಾಯರ ತರಬೇತಿ ಶಾಲೆಗಳು ಸ್ಥಾಪಿತವಾದುದು ಅವನ ಕಾಲದಲ್ಲಿ, 1895ರಲ್ಲಿ; ಇಂದು ಅವು ವಿಶ್ವವಿದ್ಯಾಲಯಗಳಾಗಿ ಬೆಳೆದಿವೆ. ಶಾಲೆಗೆ ಕಳಿಸಲು ಒಲ್ಲದ ತಂದೆಯ ಮಗನು ಉಪಾಧ್ಯಾಯರಿಗೆ ಶಾಲೆ ಕಟ್ಟಿಸಿದನು.

1894ರಲ್ಲಿ ಎರಡನೆಯ ಸಂಘರ್ಷ ಬಂದಿತು. ರೈಲುಗಾಡಿಗಳ ಮಲಗುವ ಬೋಗಿಗಳನ್ನು ಮಾಡುತ್ತಿದ್ದ ಪುಲ್‌ಮನ್ ಕಂಪನಿಯು ಕೆಲಸಗಾರರ ಕೂಲಿಯನ್ನು ಕಡಿಮೆಮಾಡಿ, ತಾನೇ ಕಟ್ಟಿದ ಊರಿನ ಮನೆಬಾಡಿಗೆಯನ್ನು ಮಾತ್ರ ಹಾಗೆಯೇ ಉಳಿಸಿತು. ಮುಷ್ಕರವು ರೈಲುಗಳಿಗೆಲ್ಲ ಹಬ್ಬಿತು. ಅಧ್ಯಕ್ಷ ಕ್ಲೀವ್‌ಲೆಂಡನು ಟಪಾಲು ನಿಲ್ಲಬಾರದೆಂಬ ಕಾರಣ ಹೇಳಿ ಜುಲೈ ಮೊದಲ ವಾರದಲ್ಲಿ ಶಿಕಾಗೋಕ್ಕೆ ಕೇಂದ್ರ ಸೈನ್ಯವನ್ನು ಕಳಿಸಿದನು. ರಾಜ್ಯಪಾಲನು ಕೇಳಿರಲಿಲ್ಲ, ಅವನಿಗೆ ತಿಳಿಸಲೂ ಇಲ್ಲ. ಸಂಸ್ಥಾನದ ದಂಡು ಸಿದ್ಧವಿರುವಾಗ ಇದು ಸಂವಿಧಾನಕ್ಕೆ ಸಮ್ಮತವಲ್ಲವೆಂದು ಆಲ್ಟ್‌ಗೆಲ್ಡನು ಜುಲೈ 5ರಂದು ದೀರ್ಘವಾದ ತಂತಿ ಕಳಿಸಿದನು. ಕ್ಲೀವ್‌ಲೆಂಡನ ಉತ್ತರ ಚಿಕ್ಕದಾಗಿತ್ತು, ಸೈನ್ಯ ಹಿಂದಿರುಗಲಿಲ್ಲ. ಇಬ್ಬರೂ ಒಂದೇ ಪಕ್ಷದವರೆಂಬುದು ಇಲ್ಲಿನ ವಿಶೇಷ. ಆಲ್ಟ್‌ಗೆಲ್ಡನು ಮುಷ್ಕರಗಾರರ ದಂಗೆಗೆ ಎಡೆಗೊಟ್ಟವನೆಂಬ ಮಾತೂ ಸರಿಯಲ್ಲ. ಸ್ಥಳೀಯ ಅಧಿಕಾರಿಗಳು ಕೇಳಿದಾಗಲೆಲ್ಲ ಅವನು ಸಂಸ್ಥಾನದ ದಂಡನ್ನು ಕಳಿಸಿದ್ದುಂಟು. ಮುಷ್ಕರ ಮುರಿದಮೇಲೆ ಆಗಸ್ಟಿನಲ್ಲಿ ತಾನೇ ಪುಲ್‌ಮನ್ ಊರಿಗೆ ಹೋಗಿ ಮನೆಮನೆ ನೋಡಿ, ಅಲ್ಲಿನ ಸಂಸಾರಗಳು ಹಸಿದಿವೆಯೆಂದು ಕಂಪನಿಯ ಒಡೆಯನಿಗೆ ಕಾಗದ ಬರೆದನು. ಪ್ರಯೋಜನವಾಗದಿರಲು, ನೆರವು ನೀಡಿರೆಂದು ಸಾರ್ವಜನಿಕರಿಗೇ ಮೊರೆಯಿಟ್ಟನು.

1896ರಲ್ಲಿ ಪಕ್ಷದ ಮಹಾಧಿವೇಶನ ಶಿಕಾಗೋದಲ್ಲಿ ಸೇರಿದಾಗ ಕ್ಲೀವ್‌ಲೆಂಡನ ನೀತಿಯನ್ನು ತಿರಸ್ಕರಿಸುವ ಘೋಷಣೆ ಹೊರಬಂದುದರಲ್ಲಿ ಆಲ್ಟ್‌ಗೆಲ್ಡನ ಕೈ ದೊಡ್ಡದು. ಆದರೆ ಹೊರದೇಶದಲ್ಲಿ ಹುಟ್ಟಿದವನಾದ್ದರಿಂದ ಅಧ್ಯಕ್ಷಸ್ಥಾನಕ್ಕೆ ಅವನು ನಿಲ್ಲುವಂತಿರಲಿಲ್ಲ. ಬ್ರಯಾನ್ ನಿಂತು ಸೋತನು. ಅದೇ ನವೆಂಬರಿನಲ್ಲಿ ಆಲ್ಟ್‌ಗೆಲ್ಡನೂ ಒಂದು ಲಕ್ಷಕ್ಕೂ ಮಿಕ್ಕ ಮತಗಳ ಅಂತರದಿಂದ ಸೋತನು. ನಾಲ್ಕು ವರ್ಷದ ಹಿಂದೆ ಗೆದ್ದಾಗ ಬಿದ್ದುದಕ್ಕಿಂತ ಹೆಚ್ಚು ಮತ ಅವನಿಗೆ ಈ ಸೋಲಿನಲ್ಲಿ ಬಿದ್ದಿತ್ತೆಂಬುದನ್ನು ಅಂದಿನ ಪತ್ರಿಕೆಗಳು ಎತ್ತಿ ಹೇಳಿರಲಾರವು. ಅಧಿಕಾರ ಬಿಡುವ ದಿನ ವಾಡಿಕೆಯಂತೆ ಬೀಳ್ಕೊಡುಗೆಯ ಭಾಷಣವನ್ನು ಬರೆದು ತಂದಿದ್ದನು. ಓದಲು ಅವಕಾಶ ಕೊಡಲಿಲ್ಲ.

ಆಮೇಲಿನದು ಇಳಿಮುಖ. ಸಾಲದ ಹೊರೆಯಲ್ಲಿ ಯೂನಿಟಿ ಕಟ್ಟಡ ಕೈಬಿಟ್ಟಿತು. 1899ರಲ್ಲಿ ಶಿಕಾಗೋದ ಮೇಯರ್ ಸ್ಥಾನಕ್ಕೆ ಪಕ್ಷೇತರನಾಗಿ ನಿಂತು ಮೂರನೆಯವನಾದನು. ಒಂದು ಕಾಲಕ್ಕೆ ತನ್ನ ಪುಸ್ತಕವನ್ನೋದಿ ಹುಡುಕಿಕೊಂಡು ಬಂದಿದ್ದ ಡ್ಯಾರೋನ ಕಛೇರಿಯಲ್ಲಿಯೇ ಕೊನೆಗೆ ವಕೀಲಿ ಮಾಡಿದನು. 1902ರ ಮಾರ್ಚ್ 11ರಂದು ರಾತ್ರಿ, ದಕ್ಷಿಣ ಆಫ್ರಿಕದಲ್ಲಿ ಬ್ರಿಟಿಷರೊಡನೆ ಹೋರಾಡುತ್ತಿದ್ದ ಬೋಯರರ ಪರವಾಗಿ ಭಾಷಣ ಮಾಡಿ ಮುಗಿಸುತ್ತಲೇ ಕುಸಿದನು, ಮರುದಿನ ತೀರಿಕೊಂಡನು. ಭಾಷಣ ನಡೆದುದು ಜೋಲಿಯೆಟ್‌ನಲ್ಲಿ, ಮೂವರು ಸೆರೆಯಿಂದ ಹೊರಬಂದ ಅದೇ ಊರಿನಲ್ಲಿ. ಅವನ ದೇಹವನ್ನು ಶಿಕಾಗೋದ ಸಾರ್ವಜನಿಕ ಗ್ರಂಥಾಲಯದಲ್ಲಿ ಇರಿಸಿದಾಗ ಸಾವಿರಾರು ಜನರು ಸಾಲುಗಟ್ಟಿ ಬಂದು ನೋಡಿದರು. ಅಂತ್ಯಕ್ರಿಯೆಯಲ್ಲಿ ಡ್ಯಾರೋವೂ, ಸಮಾಜಸೇವಕಿ ಜೇನ್ ಆಡಮ್ಸ್‌ರೂ ಮಾತನಾಡಿದರು.

1915ರಲ್ಲಿ ಶಿಕಾಗೋದ ಲಿಂಕನ್ ಉದ್ಯಾನದಲ್ಲಿ ಅವನ ವಿಗ್ರಹವನ್ನು ನಿಲ್ಲಿಸಿದರು. ಕೆತ್ತಿದವನು ಗಟ್ಸನ್ ಬೋರ್ಗ್ಲಂ. ಅರ್ಬಾನಾದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಅವನ ಕಾಲದ ಅನುದಾನದಿಂದ ಎದ್ದ ಗ್ರಂಥಾಲಯದ ಕಟ್ಟಡವೊಂದಿದೆ. ಅದರ ಗೋಪುರಕ್ಕೆ 1920ರಲ್ಲಿ ಹಲವು ವರ್ಷಗಳ ಪದವೀಧರರು ಹಣ ಕೂಡಿಸಿ ಗಂಟೆಗಳ ಸಮೂಹವನ್ನು ಕಾಣಿಕೆಯಾಗಿ ಕೊಟ್ಟರು. ಕಟ್ಟಡಕ್ಕೆ ಆಲ್ಟ್‌ಗೆಲ್ಡ್ ಭವನವೆಂದು ಹೆಸರಿಟ್ಟುದು 1941ರಲ್ಲಿ, ಅವನು ತೀರಿಹೋಗಿ ಮೂವತ್ತೊಂಬತ್ತು ವರ್ಷಗಳಾದ ಮೇಲೆ.